ಬಾರ್ಕೂರಿನ ಕೇರಿ, ಮಣಿಪಾಲದ ಮನೆ: ಬ್ರಹ್ಮಾವರದಿಂದ ಒಂದು ದಿನದ ಇತಿಹಾಸ ಯಾತ್ರೆ

ಹಳ್ಳಿಯ ಇತಿಹಾಸ ತೋರಿಸುವ ಮ್ಯೂಸಿಯಂ ಎಂದರೆ ಕರಾವಳಿಯಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ನೆನಪಾಗಬೇಕಾದದ್ದೇ. ಆದರೆ ನೇರ ಅಲ್ಲಿಗೆ ಹೋಗಬೇಡಿ. ಬೆಳಿಗ್ಗೆ ಬ್ರಹ್ಮಾವರದಲ್ಲಿ ಇಳಿದು, ನಾಲ್ಕೈದು ಕಿಲೋಮೀಟರ್ ದೂರದ ಬಾರ್ಕೂರಿನಲ್ಲಿ ಅರ್ಧ ದಿನ ನಡೆದು, ಮಧ್ಯಾಹ್ನದ ಮೇಲೆ ಮಣಿಪಾಲಕ್ಕೆ ಹೋಗಿ.

ಹೀಗೆ ಹೇಳುವುದಕ್ಕೆ ಕಾರಣವಿದೆ. ಮಣಿಪಾಲದಲ್ಲಿರುವ ಮನೆಗಳು ಬೇರೆ ಬೇರೆ ಊರುಗಳಿಂದ ಕಳಚಿ ತಂದು ಮತ್ತೆ ಜೋಡಿಸಿದವು. ಮನೆಯಿದೆ, ಅದರ ಸುತ್ತಲಿನ ಊರಿಲ್ಲ. ಬಾರ್ಕೂರಿನಲ್ಲಿ ಊರಿದೆ. ಕೇರಿ, ಕೆರೆ, ಕೋಟೆ, ಗುಡಿ, ಹೊಳೆ ಎಲ್ಲವೂ ಇದ್ದಲ್ಲೇ ಇವೆ, ಹಳೆಯ ಕಾಲದ ಮನೆಗಳು ಮಾತ್ರ ಇಲ್ಲ. ಬೆಳಿಗ್ಗೆ ಊರನ್ನು ನೋಡಿ, ಸಂಜೆ ಮನೆಯನ್ನು ನೋಡಿದರೆ ತಲೆಯೊಳಗೆ ಎರಡೂ ಸೇರಿಕೊಳ್ಳುತ್ತವೆ. ಒಂದನ್ನೇ ನೋಡಿ ಬಂದವರಿಗೆ ಅರ್ಧ ಕಥೆ ಮಾತ್ರ ಸಿಕ್ಕಿರುತ್ತದೆ.

ಹೋಗುವುದು ಹೇಗೆ?

ಬ್ರಹ್ಮಾವರ ರಾಷ್ಟ್ರೀಯ ಹೆದ್ದಾರಿ 66ರ ಮೇಲಿದೆ. ಉಡುಪಿ–ಕುಂದಾಪುರ ನಡುವೆ ಓಡುವ ಬಸ್ಸುಗಳೆಲ್ಲ ಇಲ್ಲಿ ನಿಲ್ಲುತ್ತವೆ. ಅಲ್ಲಿಂದ ಬಾರ್ಕೂರಿಗೆ ಲೋಕಲ್ ಬಸ್ಸು, ರಿಕ್ಷಾ ಎರಡೂ ಸಿಗುತ್ತವೆ. ಕೊಂಕಣ ರೈಲ್ವೆಯಲ್ಲಿ ಬಾರ್ಕೂರು ಎಂಬ ಹೆಸರಿನದೇ ನಿಲ್ದಾಣವಿದೆ. ಆದರೆ ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ದೂರದಿಂದ ಬರುವವರು ಉಡುಪಿಗೋ ಕುಂದಾಪುರಕ್ಕೋ ಟಿಕೆಟ್ ಮಾಡಿಸಿ ಬಸ್ಸು ಹಿಡಿಯುವುದು ವಾಸಿ.

ನವೆಂಬರಿನಿಂದ ಫೆಬ್ರವರಿವರೆಗಿನ ತಿಂಗಳುಗಳು ಒಳ್ಳೆಯವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆಯಲ್ಲಿ ಮುರಕಲ್ಲಿನ ಮೆಟ್ಟಿಲು, ಕೆರೆದಂಡೆ ಎಲ್ಲ ಪಾಚಿ ಕಟ್ಟಿ ಜಾರುತ್ತವೆ. ಅಜ್ಜ ಅಜ್ಜಿಯರನ್ನು ಕರೆದುಕೊಂಡು ಆಗ ಬರಬೇಡಿ. ಏಪ್ರಿಲ್, ಮೇ ತಿಂಗಳ ಸೆಕೆ ಹೊರಗಿನವರಿಗೆ ತಡೆಯದು. ಮಳೆ ನಿಂತ ಅಕ್ಟೋಬರಿನ ಕೊನೆಯಲ್ಲಿ ಬಂದರೆ ಗದ್ದೆಗಳಲ್ಲಿ ಭತ್ತ ಕೊಯ್ಲಿಗೆ ಬಂದಿರುತ್ತದೆ, ಕೆರೆಗಳು ತುಂಬಿರುತ್ತವೆ. ನನ್ನನ್ನು ಕೇಳಿದರೆ ಅದೇ ಸರಿಯಾದ ಹೊತ್ತು.

ಬೇಗ ಹೊರಡುವುದು ಮುಖ್ಯ. ಬಾರ್ಕೂರಿನ ಅನೇಕ ಗುಡಿಗಳಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಕರಾವಳಿಯ ದೇವಸ್ಥಾನಗಳ ರೂಢಿಯಂತೆ ಮಧ್ಯಾಹ್ನದ ಪೂಜೆಯಾದ ಮೇಲೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸಂಜೆಗೇ. ಆದ್ದರಿಂದ ಏಳೂವರೆ, ಎಂಟಕ್ಕೆಲ್ಲ ಅಲ್ಲಿರಿ. ಕಾಲಿಗೆ ಸುಲಭವಾಗಿ ಕಳಚಿ ಹಾಕುವ ಚಪ್ಪಲಿ ಇರಲಿ, ಶೂ ಬೇಡ. ನೀರಿನ ಬಾಟಲಿ, ಟೊಪ್ಪಿ, ಒಂದು ಸಣ್ಣ ಟಾರ್ಚ್ ಇಟ್ಟುಕೊಳ್ಳಿ. ಟಾರ್ಚ್ ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಬಾರ್ಕೂರು: ಮಾಡಿಲ್ಲದ ಮ್ಯೂಸಿಯಂ

ಈಗ ನೋಡಿದರೆ ಬಾರ್ಕೂರು ತೆಂಗಿನ ತೋಟ, ಗದ್ದೆಗಳ ನಡುವಿನ ಒಂದು ಹಳ್ಳಿ. ಆದರೆ ತುಳುನಾಡನ್ನು ಶತಮಾನಗಳ ಕಾಲ ಆಳಿದ ಆಳುಪರಿಗೆ ಇದು ರಾಜಧಾನಿಯಾಗಿತ್ತು. 14ನೇ ಶತಮಾನದ ಮೊದಲರ್ಧದಲ್ಲಿ ಹೊಯ್ಸಳ ಮೂರನೇ ವೀರಬಲ್ಲಾಳನ ರಾಣಿ, ಆಳುಪ ಮನೆತನದ ಚಿಕ್ಕಾಯಿ ತಾಯಿ ಇಲ್ಲಿಂದಲೇ ಆಡಳಿತ ನಡೆಸಿದಳು. ಅನಂತರ ವಿಜಯನಗರದವರು ಕರಾವಳಿಯನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡಾಗಿ ಮಾಡಿ, ಇಲ್ಲಿಗೆ ತಮ್ಮ ಅಧಿಕಾರಿಗಳನ್ನು ಕಳಿಸಿದರು. ಬಾರಕೂರು ಗದ್ಯಾಣ ಎಂಬ ಚಿನ್ನದ ನಾಣ್ಯ ಕರಾವಳಿಯುದ್ದಕ್ಕೂ ಚಲಾವಣೆಯಲ್ಲಿತ್ತು. 1342ರ ಸುಮಾರಿಗೆ ಬಂದ ಮೊರಾಕೋದ ಪ್ರವಾಸಿ ಇಬ್ನ್ ಬತೂತ ತನ್ನ ಪ್ರವಾಸಕಥನದಲ್ಲಿ ಫಾಕನೂರು ಎಂದು ಬರೆದದ್ದು ಈ ಊರನ್ನೇ. ಇಲ್ಲಿಯ ಅರಸನ ಬಳಿ ಮೂವತ್ತರಷ್ಟು ಯುದ್ಧನೌಕೆಗಳಿದ್ದವು, ಕಬ್ಬು ಹುಲುಸಾಗಿ ಬೆಳೆಯುತ್ತಿತ್ತು ಎಂಬ ವಿವರ ಅದರಲ್ಲಿದೆ. ಆರು ನೂರು ವರ್ಷಗಳ ಬಳಿಕ ಬ್ರಹ್ಮಾವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿ, ಅದು ಮುಚ್ಚಿಹೋದದ್ದನ್ನು ಕಂಡ ಇಲ್ಲಿಯ ರೈತರಿಗೆ ಆ ಕಬ್ಬಿನ ಮಾತು ಬೇರೆಯದೇ ರೀತಿಯಲ್ಲಿ ತಾಗುತ್ತದೆ.

ಮೊದಲು ಕತ್ತಲೆ ಬಸದಿಗೆ ಹೋಗಿ. ಒಂದೇ ಆವರಣದಲ್ಲಿ ಜೈನ ಬಸದಿಯೂ ಗುಡಿಗಳೂ ಇವೆ. ಮುರಕಲ್ಲು ಮತ್ತು ಶಿಲೆಗಲ್ಲು ಎರಡನ್ನೂ ಸೇರಿಸಿ ಕಟ್ಟಿದವು. ಒಳಗೆ ಈಗ ಮೂರ್ತಿಗಳಿಲ್ಲ, ಪೂಜೆಯಿಲ್ಲ. ಆದ್ದರಿಂದ ಹೊತ್ತಿನ ಹಂಗಿಲ್ಲದೆ ನಿಧಾನವಾಗಿ ನೋಡಬಹುದು. ತಲೆಯೆತ್ತಿ ಮಾಡನ್ನು ಗಮನಿಸಿ. ಇಳಿಜಾರಾಗಿ ಹೊದಿಸಿದ ಕಲ್ಲಿನ ಚಪ್ಪಡಿಗಳಿವೆ. ಘಟ್ಟದ ಮೇಲಿನ ಬೇಲೂರು, ಹಳೇಬೀಡಿನ ಚಪ್ಪಟೆ ಮಾಡು ಇಲ್ಲಿಯ ಮಳೆಗೆ ನಿಲ್ಲುವುದಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುವ ನಾಡಿನಲ್ಲಿ ಮರದ ಮನೆಯ ಇಳಿಜಾರನ್ನೇ ಕಲ್ಲಿನಲ್ಲೂ ಮಾಡಬೇಕಾಯಿತು. ಸಂಜೆ ಮಣಿಪಾಲದಲ್ಲಿ ಮರದ ಮಾಡನ್ನು ನೋಡುವಾಗ ಈ ಕಲ್ಲಿನ ಮಾಡು ನಿಮ್ಮ ನೆನಪಿನಲ್ಲಿರಲಿ.

ಇನ್ನು ಟಾರ್ಚಿನ ವಿಷಯ. ಬಾರ್ಕೂರಿನಲ್ಲಿ ಶಾಸನದ ಕಲ್ಲುಗಳು ಅಲ್ಲಲ್ಲಿ ನಿಂತಿವೆ. ನಡುಹಗಲ ಬೆಳಕಿನಲ್ಲಿ ಅಕ್ಷರ ಕಾಣುವುದೇ ಇಲ್ಲ, ಬರೀ ಒರಟು ಕಲ್ಲು ಅನ್ನಿಸುತ್ತದೆ. ನೆರಳಿರುವ ಕಡೆಯಿಂದ ಟಾರ್ಚನ್ನು ಕಲ್ಲಿಗೆ ಒರಗುವಂತೆ ಹಿಡಿದು, ಬೆಳಕು ಪಕ್ಕದಿಂದ ಹಾಯುವಂತೆ ಮಾಡಿ. ಒಂದೊಂದೇ ಅಕ್ಷರ ನೆರಳು ಹಿಡಿದು ಮೇಲೇಳುತ್ತದೆ. ಮಕ್ಕಳಿಗೆ ಇದನ್ನು ಮಾಡಿ ತೋರಿಸಿ, ಆಮೇಲೆ ಅವರನ್ನು ಅಲ್ಲಿಂದ ಕರೆದೊಯ್ಯುವುದೇ ಕಷ್ಟ. ಸಾಮಾನ್ಯವಾಗಿ ಇಂಥ ದಾನಶಾಸನದ ನೆತ್ತಿಯಲ್ಲಿ ನಡುವೆ ಲಿಂಗವೋ ಜಿನಬಿಂಬವೋ, ಪಕ್ಕದಲ್ಲಿ ಹಸು ಕರು, ಮೇಲೆ ಸೂರ್ಯ ಚಂದ್ರ ಇರುತ್ತವೆ. ಸೂರ್ಯ ಚಂದ್ರರಿರುವವರೆಗೆ ಈ ದಾನ ನಡೆಯಲಿ ಎಂಬ ಅರ್ಥ. ನಡುವಿನ ಸಾಲುಗಳಲ್ಲಿ ಯಾರು ಆಳುತ್ತಿದ್ದರು, ಯಾವ ಗದ್ದೆಯ ಎಷ್ಟು ಅಕ್ಕಿ ಯಾವ ದೇವರಿಗೆ ಎಂಬ ವಿವರ. ಕೊನೆಯಲ್ಲಿ ತಪ್ಪಿದವರಿಗೆ ಶಾಪ. ನಮ್ಮ ಹಳ್ಳಿಗಳ ಲೆಕ್ಕಪುಸ್ತಕಗಳೇ ಈ ಕಲ್ಲುಗಳು. ಗದ್ದೆಯ ಹೆಸರು, ಎಲ್ಲೆ, ಗೇಣಿ, ವರ್ತಕರ ಸಂಘಗಳಾದ ಹಲರು, ಹಂಜಮಾನ ಇವೆಲ್ಲ ನಮಗೆ ತಿಳಿದದ್ದು ಕರಾವಳಿಯ ಇಂಥ ಕಲ್ಲುಗಳಿಂದ. ದಯವಿಟ್ಟು ಅಕ್ಷರ ಎದ್ದು ಕಾಣಲಿ ಎಂದು ಸೀಮೆಸುಣ್ಣ, ಅರಿಶಿನ, ಎಣ್ಣೆ ಬಳಿಯಬೇಡಿ. ಕಲ್ಲಿನ ಮೇಲೆ ಕೂರಬೇಡಿ.

ಈ ಕಲ್ಲುಗಳನ್ನು ಹುಡುಕಿ ಓದಿದವರನ್ನೂ ಇಲ್ಲಿ ನೆನೆಯಬೇಕು. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪಾದೂರು ಗುರುರಾಜ ಭಟ್ಟರು ಈ ಜಿಲ್ಲೆಯ ಗುಡಿ ಗುಡಿಗಳನ್ನು ಸುತ್ತಿ 1975ರಲ್ಲಿ ತುಳುವ ಇತಿಹಾಸ, ಸಂಸ್ಕೃತಿಯ ಮೇಲೆ ಬರೆದ ದೊಡ್ಡ ಇಂಗ್ಲಿಷ್ ಗ್ರಂಥ ಇವತ್ತಿಗೂ ಆಧಾರ. ಶಾಸನತಜ್ಞ ಕೆ.ವಿ. ರಮೇಶ್ ಅವರ ದಕ್ಷಿಣ ಕನ್ನಡ ಇತಿಹಾಸವೂ ಅಂಥದೇ. ಬಾರ್ಕೂರಿನಿಂದ ದೂರವಲ್ಲದ ವಡ್ಡರ್ಸೆಯ ಮಹಾಲಿಂಗೇಶ್ವರ ದೇವಸ್ಥಾನದ ಬಳಿ ಸಿಕ್ಕ, 7ನೇ ಶತಮಾನದ ಆಳುಪ ಶಾಸನ ಉಡುಪಿ ಜಿಲ್ಲೆಯ ಅತಿ ಹಳೆಯ ಶಿಲಾಶಾಸನ. ಸಮಯವಿದ್ದವರು ಅಲ್ಲಿಗೂ ಹೋಗಬಹುದು.

ಬಸದಿಯಿಂದ ಕೋಟೆಯತ್ತ ನಡೆಯಿರಿ. ಚಿತ್ರದುರ್ಗದ ಕೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಸೆಯಾದೀತು. ಇಲ್ಲಿರುವುದು ಕಂದಕದ ಗುರುತು, ಮುರಕಲ್ಲಿನ ಅಡಿಪಾಯ, ಮರಗಳ ಬೇರು ಹಿಡಿದ ಗೋಡೆ. ಅಡಿಪಾಯದ ಅಂಚಿನಲ್ಲೇ ನಡೆದು ಎಷ್ಟು ಅಗಲವಿತ್ತು ಎಂದು ಹೆಜ್ಜೆಯಲ್ಲಿ ಅಳೆದು ನೋಡಿ. ಅಲ್ಲಿಂದ ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನ. ಬಾರ್ಕೂರಿನಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ಇದನ್ನು ನೋಡಿ. ಗರ್ಭಗುಡಿಯ ಹಿಂಭಾಗ ಗುಂಡಗೆ ತಿರುಗಿದೆ. ಇದಕ್ಕೆ ಗಜಪೃಷ್ಠ ಎನ್ನುತ್ತಾರೆ. ಕರಾವಳಿಯಲ್ಲಿ ಈ ವಿನ್ಯಾಸದ ಗುಡಿಗಳು ಅಲ್ಲಲ್ಲಿ ಇವೆ, ಆದರೆ ಇಷ್ಟು ದೊಡ್ಡದನ್ನು ಕಾಣುವುದು ಅಪರೂಪ. ಪ್ರದಕ್ಷಿಣೆ ಬರುವಾಗ ಹಿಂದೆ ನಿಂತು ಮಾಡು ತಿರುಗುವ ಜಾಗವನ್ನು ನೋಡಿ. ನೇರ ತೊಲೆಗಳನ್ನು ಬಳಸಿ ದುಂಡು ಮಾಡನ್ನು ಹೊಂದಿಸಿದ ಬಡಗಿಯ ಲೆಕ್ಕಾಚಾರ ಅಲ್ಲಿದೆ.

ಚೌಳಿಕೇರಿ, ಮಣಿಗಾರಕೇರಿ, ಮೂಡುಕೇರಿ ಎಂದು ಇಲ್ಲಿಯ ಬೀದಿಗಳ ಹೆಸರುಗಳೆಲ್ಲ ಹಳೆಯವು. ಚೌಳಿಕೇರಿಯ ಗಣಪತಿ ಗುಡಿಗೆ ಹೋಗಿ. ಮಿಕ್ಕಲ್ಲಿ ಕಾಲು ಸಾಗಿದಷ್ಟು ಹೋಗಿ ಬನ್ನಿ. ಬಾರ್ಕೂರಿನಲ್ಲಿ ವರ್ಷದ ದಿನಕ್ಕೊಂದರಂತೆ ಮುನ್ನೂರ ಅರವತ್ತೈದು ದೇವಸ್ಥಾನಗಳಿದ್ದವು ಎಂಬ ಮಾತು ಊರಲ್ಲಿ ಎಲ್ಲರ ಬಾಯಲ್ಲಿದೆ. ಲೆಕ್ಕ ಹಾಕಲು ಹೋಗಬೇಡಿ, ಹೇಳುವವರ ಅಭಿಮಾನವನ್ನು ಕೇಳಿಸಿಕೊಳ್ಳಿ. ಸೀತಾ ಹೊಳೆಯ ಮಗ್ಗುಲಿನ ಬೆಣ್ಣೆಕುದ್ರು ಮೀನುಗಾರ ಸಮುದಾಯದ ಮೊಗವೀರರಿಗೆ ಪವಿತ್ರ ಸ್ಥಳ. ಕುಲಮಹಾಸ್ತ್ರೀ ಅಮ್ಮನ ದೇವಸ್ಥಾನ ಅಲ್ಲಿದೆ. ಅರಸರ ಇತಿಹಾಸವನ್ನಷ್ಟೇ ನೋಡಿ ಬಂದರೆ ಸಾಲದು, ಹೊಳೆ ನಂಬಿದವರ ಇತಿಹಾಸವೂ ಬೇಕು ಎಂಬ ಕಾರಣಕ್ಕೆ ಅದನ್ನು ಬಿಡಬೇಡಿ.

ದಾರಿ ತಪ್ಪುವುದು ಖಂಡಿತ. ಎಲ್ಲ ಕಡೆ ಫಲಕಗಳಿಲ್ಲ, ಮೊಬೈಲಿನ ನಕ್ಷೆ ಕೆಲವೊಮ್ಮೆ ಯಾರದೋ ಅಂಗಳಕ್ಕೆ ತಂದು ನಿಲ್ಲಿಸುತ್ತದೆ. ಆಗ ‘ಹ್ವಾಯ್, ಶಾಸನದ್ ಕಲ್ ಎಲ್ಲ್ ಇತ್ತ್?’ ಎಂದು ಕೇಳಿ. ಕುಂದಾಪ್ರ ಕನ್ನಡ, ತುಳು, ಕೊಂಕಣಿ ಎಲ್ಲವೂ ಕಿವಿಗೆ ಬೀಳುವ ಊರಿದು, ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಸಿಗುತ್ತದೆ. ಒಂದು ವಿಷಯದಲ್ಲಿ ನನಗೆ ನಿಜವಾಗಿ ಸಂಕಟವಿದೆ. 2019ರ ಜನವರಿಯಲ್ಲಿ ಇಲ್ಲಿ ಆಳುಪೋತ್ಸವ ನಡೆದಾಗ ಜಿಲ್ಲೆಯೇ ಬಾರ್ಕೂರಿನತ್ತ ತಿರುಗಿ ನೋಡಿತ್ತು. ಆದರೆ ಅಷ್ಟೇ ಸಾಲದು, ಇಷ್ಟು ದೊಡ್ಡ ಇತಿಹಾಸದ ಊರಿಗೆ ಕನ್ನಡದಲ್ಲಿ ಒಂದು ಸರಿಯಾದ ನಡಿಗೆಯ ನಕ್ಷೆ, ಪ್ರತಿ ಕೇರಿಯ ಬಾಯಲ್ಲಿ ಒಂದು ಫಲಕ ಬೇಕೇ ಬೇಕು. ಖರ್ಚು ದೊಡ್ಡದಲ್ಲ, ಮನಸ್ಸು ಮಾಡಬೇಕು ಅಷ್ಟೇ.

ಊಟಕ್ಕೆ ಬ್ರಹ್ಮಾವರಕ್ಕೆ ಮರಳಿ. ಹೆದ್ದಾರಿ ಬದಿಯಲ್ಲಿ ಶಾಕಾಹಾರಿ ಊಟವೂ ಮೀನಿನ ಊಟವೂ ಸಿಗುವ ಹೋಟೆಲುಗಳಿವೆ.

ಮಣಿಪಾಲ: ಕಳಚಿ ಕಟ್ಟಿದ ಮನೆಗಳು

ಬ್ರಹ್ಮಾವರದಿಂದ ಉಡುಪಿಗೆ ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ನಿಮಿಷ ನಿಮಿಷಕ್ಕೂ ಸಿಟಿ ಬಸ್ಸು. ಹೆರಿಟೇಜ್ ವಿಲೇಜ್ ಇರುವುದು ಅನಂತನಗರದಲ್ಲಿ. ಇಳಿದ ಮೇಲೆ ರಿಕ್ಷಾ ಮಾಡಿಕೊಂಡರೆ ಸುಲಭ. ಇಲ್ಲಿ ನಿಮ್ಮಷ್ಟಕ್ಕೆ ಸುತ್ತುವಂತಿಲ್ಲ, ಮಾರ್ಗದರ್ಶಕರ ಜೊತೆ ಗುಂಪಿನಲ್ಲಿ ಹೋಗಬೇಕು. ಗುಂಪು ಹೊರಡುವ ಹೊತ್ತು, ವಾರದ ರಜೆ, ಟಿಕೆಟ್ ದರ ಇವು ಬದಲಾಗುತ್ತಿರುವುದರಿಂದ ಹಿಂದಿನ ದಿನವೇ ಫೋನು ಮಾಡಿ ಕೇಳಿಕೊಳ್ಳಿ. ಶಾಲೆಯ ಮಕ್ಕಳ ತಂಡವಾದರೆ ಮೊದಲೇ ಹೇಳಿಡಿ. ಮನೆಗಳ ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ. ಕೆಲವರಿಗೆ ಇದು ಬೇಸರ ತರಿಸುತ್ತದೆ. ನನಗಂತೂ ಒಳ್ಳೆಯದೇ ಅನ್ನಿಸುತ್ತದೆ, ಯಾಕೆಂದರೆ ಕ್ಯಾಮೆರಾ ಇಲ್ಲದಾಗ ಜನ ಕಂಬವನ್ನು ನೋಡುತ್ತಾರೆ. ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್ ತೆಗೆದುಕೊಂಡು ಹೋಗಿ.

ಇದನ್ನು ಕಟ್ಟಿದವರು ವಿಜಯನಾಥ ಶೆಣೈ. ಬ್ಯಾಂಕ್ ಉದ್ಯೋಗಿಯಾಗಿದ್ದವರು. ಊರೂರುಗಳಲ್ಲಿ ಹಳೆಯ ಮನೆಗಳು ಉರುಳುತ್ತಿದ್ದಾಗ ಕಂಬ, ಬಾಗಿಲು, ಮುಚ್ಚಿಗೆಗಳನ್ನು ಉಳಿಸಲು ಹೊರಟರು. ಮೊದಲು ಹಾಗೆ ಉಳಿಸಿದ ಭಾಗಗಳಿಂದ ತಮ್ಮದೇ ಮನೆ ಕಟ್ಟಿಕೊಂಡರು. ಆಮೇಲೆ ಇಡೀ ಇಡೀ ಮನೆಗಳನ್ನೇ ತಂದು ಸುಮಾರು ಆರು ಎಕರೆಯಲ್ಲಿ ಈ ಹಳ್ಳಿಯನ್ನು ಕಟ್ಟಿದರು. 2017ರಲ್ಲಿ ಅವರು ತೀರಿಕೊಂಡರು. ಒಂದು ಮನೆಯನ್ನು ಹೀಗೆ ತರುವುದೆಂದರೆ ಹುಡುಗಾಟವಲ್ಲ. ಮೊದಲು ಅಳತೆ, ನಕ್ಷೆ, ಫೋಟೊ. ಆಮೇಲೆ ಪ್ರತಿ ತೊಲೆ, ಹಲಗೆ, ಬೋದಿಗೆಗೂ ಗುರುತು ಹಾಕಿ ಕಳಚಬೇಕು. ತಂದದ್ದನ್ನು ಗೆದ್ದಲು ಹಿಡಿಯದಂತೆ ಜೋಪಾನ ಮಾಡಿ, ಅದೇ ಕ್ರಮದಲ್ಲಿ ಮತ್ತೆ ಕೂಡಿಸಬೇಕು. ಆಣಿ ಹೊಡೆಯದೆ ಗೂಟ, ಕಚ್ಚುಗಳಿಂದಲೇ ಹೊಂದಿಸಿದ ಹಳೆಯ ಮರಗೆಲಸವಾದ್ದರಿಂದ ಕಳಚುವುದು ಸಾಧ್ಯವಾಯಿತು. ಸಿಮೆಂಟಿನ ಮನೆಯನ್ನು ಯಾರೂ ಹೀಗೆ ಕೊಂಡೊಯ್ಯಲಾರರು.

ಕುಂದಾಪುರ ಸೀಮೆಯ ಹರ್ಕೂರಿನ ಒಳಗಿನ ಮನೆ, ಕುಂಜೂರಿನ ಚೌಕಿ ಮನೆ, ಮಿಯಾರಿನ ಮನೆ, ಭಟ್ಕಳದ ನವಾಯತರ ಮನೆ, ಕುಕನೂರಿನ ಕಮಲ್ ಮಹಲ್, ಮುಧೋಳದ ಅರಮನೆಯ ದರ್ಬಾರು ಹಾಲ್, ವೀರಶೈವ ಜಂಗಮ ಮಠ ಹೀಗೆ ನಾಡಿನ ಹಲವು ಸಮುದಾಯಗಳ ಬದುಕು ಒಂದೇ ಆವರಣದಲ್ಲಿದೆ. ರವಿವರ್ಮನ ಮುದ್ರಿತ ಚಿತ್ರಗಳು, ತಂಜಾವೂರು ಚಿತ್ರಗಳಿಗೆ ಗ್ಯಾಲರಿಯಿದೆ. ದೈವಗಳ ಮೂರ್ತಿಗಳಿಗೂ ಜಾಗವಿದೆ. ಹಳೆಯ ಪೇಟೆಬೀದಿಯಂತೆ ಜೋಡಿಸಿದ ಸಾಲೊಂದೂ ಇದೆ. ಅರಮನೆಯ ವೈಭವದ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ. ನೀವು ನಿಮ್ಮ ಹೊತ್ತನ್ನು ಕರಾವಳಿಯ ಮನೆಗಳಿಗೆ ಉಳಿಸಿಕೊಳ್ಳಿ. ಬೆಳಿಗ್ಗೆ ನಡೆದ ಕೇರಿಗಳಲ್ಲಿ ಇಲ್ಲದ್ದು ಇವೇ.

ಚೌಕಿ ಮನೆಯಲ್ಲಿ ಏನು ನೋಡಬೇಕು? ನಡು ಅಂಗಳದಲ್ಲಿ ನಿಂತು ಮೇಲೆ ನೋಡಿ. ನಾಲ್ಕೂ ಮಾಡುಗಳು ಅಂಗಳಕ್ಕೆ ಇಳಿಯುತ್ತವೆ. ಮಳೆಗಾಲದಲ್ಲಿ ನಾಲ್ಕು ದಿಕ್ಕಿನಿಂದ ಸುರಿಯುವ ನೀರು ಅಂಗಳದ ಮೂಲೆಯ ಕಲ್ಲಿನ ಕಂಡಿಯಿಂದ ಹೊರಗೆ ಹೋಗಬೇಕು. ಅಂಗಳ ಯಾವ ಕಡೆಗೆ ಇಳಿಜಾರಾಗಿದೆ ಎಂಬುದನ್ನು ಗಮನಿಸಿ. ಜಗಲಿಯ ಮೇಲಿನ ಮಾಡು ಆಳೆತ್ತರದವರೆಗೂ ಇಳಿದಿರುತ್ತದೆ, ಗಾಳಿಮಳೆ ಓರೆಯಾಗಿ ಹೊಡೆಯುವಾಗ ಮಣ್ಣಿನ ಗೋಡೆ ನೆನೆಯಬಾರದೆಂದು. ಕಂಬಗಳು ಹೆಚ್ಚಾಗಿ ಹಲಸಿನ ಮರದವು. ಅಂಗೈಯಲ್ಲಿ ಸವರಿ ನೋಡಬೇಕೆನಿಸಿದರೂ ಮುಟ್ಟಬೇಡಿ, ಪಕ್ಕದಿಂದ ಬಗ್ಗಿ ನೋಡಿದರೆ ತಲೆಮಾರುಗಳ ಬೆನ್ನು ಒರಗಿ ನುಣುಪಾದ ಎತ್ತರ ಕಾಣುತ್ತದೆ. ಒಳಕೋಣೆಯ ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ತಲೆ ತಗ್ಗಿಸದೆ ಒಳಗೆ ಹೋಗುವಂತಿಲ್ಲ. ಕಿಟಕಿ ಕಿರಿದು. ಹೆಣ್ಣುಮಕ್ಕಳು ಹೆಚ್ಚಿನ ಹೊತ್ತು ಕಳೆದದ್ದು ಈ ಅರೆಗತ್ತಲಲ್ಲಿ. ಮನೆಯ ಚೆಲುವನ್ನು ಹೊಗಳುವಾಗ ಇದನ್ನೂ ಮಕ್ಕಳಿಗೆ ಹೇಳಿ. ನೂರಾಳು ಉಣ್ಣುವ ಮನೆ ನಿಂತದ್ದು ಗೇಣಿ ಹೊತ್ತು ತಂದವರ ಬೆನ್ನಿನ ಮೇಲೆ ಎಂಬುದನ್ನೂ ಹೇಳಿ.

ಈ ಗೇಣಿಯ ಲೆಕ್ಕ ಮುಡಿಯಲ್ಲಿ ನಡೆಯುತ್ತಿತ್ತು. ಬೈಹುಲ್ಲನ್ನು ಹರಡಿ, ಅದರೊಳಗೆ ಅಕ್ಕಿ ತುಂಬಿ, ಹುಲ್ಲಿನ ಹಗ್ಗದಿಂದಲೇ ಬಿಗಿದು ಉಂಡೆ ಕಟ್ಟಿದರೆ ಮುಡಿ. ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ, ಅಂದರೆ 42 ಸೇರು. ಚೆನ್ನಾಗಿ ಕಟ್ಟಿದ ಮುಡಿಯಲ್ಲಿ ಮಳೆಗಾಲವಿಡೀ ಅಕ್ಕಿ ಹುಳ ಬೀಳದೆ ಉಳಿಯುತ್ತಿತ್ತು. ಭತ್ತವನ್ನು ಅಂಗಳದಲ್ಲಿ ತಿರಿ ಕಟ್ಟಿ ಇಡುತ್ತಿದ್ದರು, ಒಳಗೆ ಮರದ ಪತ್ತಾಯವಿರುತ್ತಿತ್ತು. ಮುಡಿ ಕಟ್ಟಲು ಬಲ್ಲವರು ಕುಂದಾಪುರ, ಬೈಂದೂರು ಕಡೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಆದರೆ ಅವರಿಗೆಲ್ಲ ವಯಸ್ಸಾಗಿದೆ. ಶಾಲೆಯ ಮೇಷ್ಟ್ರುಗಳಿಗೆ ನನ್ನ ವಿನಂತಿ: ಮಕ್ಕಳನ್ನು ಮ್ಯೂಸಿಯಮ್ಮಿಗೆ ಕರೆತರುವ ಮೊದಲು ಅಂಥ ಒಬ್ಬ ಅಜ್ಜನನ್ನು ಶಾಲೆಗೆ ಕರೆಸಿ ಮುಡಿ ಕಟ್ಟಿಸಿ.

ಇಷ್ಟು ದೊಡ್ಡ ಮನೆಗಳು ಯಾಕೆ ಉರುಳಿದವು ಎಂದು ಮಾರ್ಗದರ್ಶಕರನ್ನು ಕೇಳಿ. ಒಂದೇ ಕಾರಣವಲ್ಲ. ತಾಯಿಯ ಕಡೆಯಿಂದ ಆಸ್ತಿ ಸಾಗುವ ಅಳಿಯಸಂತಾನ ಪದ್ಧತಿಗೆ 1949ರಲ್ಲಿ ಬಂದ ಕಾಯ್ದೆಯ ಬಳಿಕ ಕೂಡುಕುಟುಂಬಗಳಲ್ಲಿ ಪಾಲು ಆಗುವುದು ಹೆಚ್ಚಿತು. 1974ರ ತಿದ್ದುಪಡಿಯೊಂದಿಗೆ ಬಂದ ಭೂಸುಧಾರಣೆಯಿಂದ ಉಳುವವನಿಗೆ ಭೂಮಿ ಸಿಕ್ಕಿತು, ಗೇಣಿ ನಿಂತಿತು. ಅದು ಆಗಲೇಬೇಕಾಗಿದ್ದ ನ್ಯಾಯ. ಗೇಣಿಯಿಲ್ಲದೆ ಹತ್ತಾರು ಕೋಣೆಗಳ ಮಾಡಿಗೆ ಹಂಚು ಹೊದಿಸಲು ಆಗಲಿಲ್ಲ. ಮಕ್ಕಳು ಮುಂಬಯಿ, ಬೆಂಗಳೂರು ಸೇರಿದರು. ಉಳಿದ ಮುದುಕರಿಗೆ ಮನೆಗಿಂತ ಮರ ಮಾರುವುದು ಲಾಭವಾಗಿ ಕಂಡಿತು. ಮನೆ ಹೋದ ದುಃಖವನ್ನೂ ಭೂಮಿ ಬಂದ ಸಂತೋಷವನ್ನೂ ಒಟ್ಟಿಗೆ ಹೇಳಬಲ್ಲ ಮ್ಯೂಸಿಯಂ ನಮಗೆ ಬೇಕು.

ಹೀಗೆ ಬಯಲಿನಲ್ಲಿ ಮನೆಗಳನ್ನು ಜೋಡಿಸಿ ಹಳ್ಳಿಯ ಬದುಕನ್ನು ತೋರಿಸುವ ಯೋಚನೆ ಹೆಸರಾದದ್ದು ಸ್ವೀಡನ್ನಿನಿಂದ. 1891ರಲ್ಲಿ ಸ್ಟಾಕ್‌ಹೋಮ್‌ನ ಸ್ಕಾನ್ಸೆನ್ ಶುರುವಾಯಿತು. ಚೆನ್ನೈ ಬಳಿಯ ದಕ್ಷಿಣಚಿತ್ರ, ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇವನ್ನು ನೋಡಿದವರಿಗೆ ಮಣಿಪಾಲದ್ದು ಹೇಗೆ ಬೇರೆ ಎಂಬುದು ತಾನಾಗಿ ತಿಳಿಯುತ್ತದೆ.

ಇನ್ನೊಂದು ದಿನ ಕೈಯಲ್ಲಿದ್ದರೆ

ಬ್ರಹ್ಮಾವರದಿಂದ ಉತ್ತರಕ್ಕೆ ಹೆದ್ದಾರಿಯಲ್ಲೇ ಕೋಟ ಸಿಗುತ್ತದೆ. 1902ರ ಅಕ್ಟೋಬರ್ 10ರಂದು ಶಿವರಾಮ ಕಾರಂತರು ಹುಟ್ಟಿದ ಊರು. ಕೋಟತಟ್ಟಿನಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ಇದೆ. ಹೋಗುವ ಮೊದಲು ಅವರ ‘ಮರಳಿ ಮಣ್ಣಿಗೆ’ ಕಾದಂಬರಿ ಓದಿಕೊಳ್ಳಿ. ಈ ಕಡಲಂಚಿನ ಒಂದು ಮನೆತನದ ಮೂರು ತಲೆಮಾರಿನ ಬದುಕು ಅದರಲ್ಲಿರುವಷ್ಟು ವಿವರವಾಗಿ ಯಾವ ಗ್ಯಾಲರಿಯಲ್ಲೂ ಸಿಗದು. ಕುಂದಾಪುರದ ಬಳಿಯ ಬಸ್ರೂರು ಇನ್ನೊಂದು ಹಳೆಯ ಬಂದರು. 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ದಾಳಿ ಮಾಡಿದ ಊರು. ಬಾರ್ಕೂರಿನಲ್ಲಿ ನಡೆದಂತೆಯೇ ಅಲ್ಲಿಯೂ ಕೇರಿ, ಕೆರೆ, ಗುಡಿ ಹಿಡಿದು ನಡೆಯಬಹುದು.

ಕೊನೆಯದಾಗಿ ಒಂದು ಮಾತು: ನಿಮ್ಮ ಮನೆಯೇ ಹಳೆಯದಿದ್ದರೆ, ಅದನ್ನು ಕೆಡವುವ ಮಾತು ನಡೆದಿದ್ದರೆ, ಮಣಿಪಾಲದಿಂದ ಮರಳಿದ ವಾರವೇ ಒಂದು ಕೆಲಸ ಮಾಡಿ. ಚೌಕುಳಿ ಹಾಳೆಯಲ್ಲಿ ಮನೆಯ ನಕ್ಷೆ ಬರೆಯಿರಿ. ಟೇಪು ಹಿಡಿದು ಪ್ರತಿ ಕೋಣೆಯ ಉದ್ದ ಅಗಲ ಗುರುತು ಮಾಡಿ. ಚಾವಡಿ, ಹೆಬ್ಬಾಗಿಲು, ಅಡುಗೆ ಕೋಣೆ, ಬಚ್ಚಲು ಎಲ್ಲದರ ಫೋಟೊ ತೆಗೆಯಿರಿ, ಮುಚ್ಚಿಗೆಯನ್ನು ಮರೆಯಬೇಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಯಾವ ಕೋಣೆಯಲ್ಲಿ ಬಾಣಂತನವಾಗುತ್ತಿತ್ತು, ಮುಡಿ ಎಲ್ಲಿ ಪೇರಿಸುತ್ತಿದ್ದರು, ಒಕ್ಕಲಿನವರು ಬಂದರೆ ಎಲ್ಲಿ ಕೂರುತ್ತಿದ್ದರು ಎಂದು ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹಳೆ ಸಾಮಾನಿನ ವ್ಯಾಪಾರಿ ಬಾಗಿಲನ್ನು ಒಯ್ದ ಮೇಲೆ ಅದು ಯಾವ ಊರಿನ, ಯಾರ ಮನೆಯ ಬಾಗಿಲು ಎಂದು ಹೇಳಲು ಯಾರಿಗೂ ಸಾಧ್ಯವಾಗುವುದಿಲ್ಲ. ಆದ್ದರಿಂದ ಪ್ರತಿ ಫೋಟೊದ ಜೊತೆ ಊರಿನ ಹೆಸರು, ಮನೆಯ ಹೆಸರು, ಇಸವಿ ಮೂರನ್ನೂ ಬರೆದಿಡಿ.